ಶಕ್ತಿನಗರವನ್ನು ಗುಜರಿಗೆ ಹಾಕುವವರಿಗೆ

ರಾಯಚೂರಿನ ಶಕ್ತಿನಗರದಲ್ಲಿರುವ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಆರ್‌ಟಿಪಿಎಸ್‌ನ ಯಾವುದಾದರೊಂದು ಘಟಕ ಬಾಯ್ಲರ್ ಟ್ಯೂಬ್ ಸೋರಿ ನಿಂತರೆ ಸಾಕು, ಬೆಂಗಳೂರಿನ ವಿದ್ಯುತ್ ಪಂಡಿತರಿಗೆ ಮೈಮೇಲೆ ಬರುತ್ತದೆ. ಬಿಳಿ ಆನೆಯಂತೆ, ಮುದಿ ಯಂತ್ರವಂತೆ, ಗುಜರಿಗೆ ಹಾಕಬೇಕಂತೆ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇರುವಾಗ ಈ ಮಸಿ ಯಾಕೆ ಎಂಬ ಧಾಟಿ. ಸರಿ ಸ್ವಾಮಿ, ರಾತ್ರಿ ಎಂಟಕ್ಕೆ ಪಾವಗಡಕ್ಕೊಂದು ಫೋನ್ ಮಾಡಿ, ಎಷ್ಟು ಮೆಗಾವಾಟ್ ಕೊಡುತ್ತೀರಿ ಅಂತ ಕೇಳಿ.

ಶಕ್ತಿನಗರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. 210 ಮೆಗಾವಾಟ್‌ನವು ಏಳು, 250ರದು ಒಂದು, ಒಟ್ಟು 1,720. ಹಳೆಯವು, ಒಪ್ಪಿದೆ. ಆದರೆ ಕೆಡುವುದಕ್ಕೆ ವಯಸ್ಸೊಂದೇ ಕಾರಣವಾದರೆ, ಪಕ್ಕದ ಯರಮರಸ್‌ನ ಎರಡು 800 ಮೆಗಾವಾಟ್ ಘಟಕಗಳು ತೀರಾ ಈಚಿನವು, ಅವೇಕೆ ನಿಂತು ನಿಂತು ಓಡಿದವು?

ಉಗಿ ಟರ್ಬೈನ್ ಬಚ್ಚಲುಮನೆಯ ಸ್ವಿಚ್ ಅಲ್ಲ. ನಿಮಿಷಕ್ಕೆ 3,000 ಸುತ್ತು ತಿರುಗಿದರೇ ಜನರೇಟರ್ 50 ಹರ್ಟ್ಸ್‌ನ ಕರೆಂಟ್ ಕೊಡುವುದು. ಒಳಗೆ ನುಗ್ಗುವ ಉಗಿ ಸುಮಾರು 540 ಡಿಗ್ರಿ ಸೆಲ್ಸಿಯಸ್. ಆ ಬಿಸಿಗೆ ಹಿಗ್ಗಿದ ಲೋಹ ಆರಿದಾಗ ಕುಗ್ಗುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಹಿಗ್ಗುತ್ತದೆ, ಪ್ರತಿ ಸಲವೂ ಆಯುಷ್ಯ ಸವೆಯುತ್ತದೆ. ಪೂರ್ತಿ ತಣ್ಣಗಾದ ಘಟಕವನ್ನು ಎಬ್ಬಿಸಲು ಮೊದಲು ಎಣ್ಣೆ ಉರಿಸಬೇಕು, ಗಂಟೆಗಟ್ಟಲೆ ಕಾಯಬೇಕು. ನಿಲ್ಲಿಸಿದ ಮೇಲೂ ಶಾಫ್ಟ್ ಬಾಗದಂತೆ, ಅದು ಆರುವವರೆಗೆ ಮೆಲ್ಲಗೆ ತಿರುಗಿಸುತ್ತಲೇ ಇರಬೇಕು.

ಇಂಥದ್ದನ್ನು ಜಲಾಶಯ ತುಂಬಿತೆಂದು ನಿಲ್ಲಿಸುತ್ತೀರಿ, ಮಧ್ಯಾಹ್ನ ಬಿಸಿಲು ಚೆನ್ನಾಗಿದೆಯೆಂದು ಲೋಡ್ ಇಳಿಸುತ್ತೀರಿ, ಸಂಜೆಯಾದರೆ 'ಏರಿಸಿ, ಏರಿಸಿ' ಎಂದು ಒದರುತ್ತೀರಿ. ಹಾಕುವುದೋ ಮೂರರಲ್ಲೊಂದು ಪಾಲು ಬೂದಿಯೇ ಇರುವ ಕಲ್ಲಿದ್ದಲು. ಆಮೇಲೆ ಟ್ಯೂಬ್ ಸೀಳಿತೆಂದು ಹುಬ್ಬೇರಿಸುತ್ತೀರಿ! ಘಟಕಗಳು ಶೇ 40ರ ಲೋಡಿಗೆ ಇಳಿಯಲು ಸಜ್ಜಾಗಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ನಿಯಮ ಹೊರಡಿಸಿತು. ನಿಯಮ ಬರೆಯುವ ಕೋಣೆಯಲ್ಲಿ ಬಾಯ್ಲರ್ ಇರುವುದಿಲ್ಲ, ಎಸಿ ಇರುತ್ತದೆ.

ಇಷ್ಟಕ್ಕೂ ಇಲ್ಲಿಯವರಿಗೆ ಸಿಕ್ಕಿದ್ದೇನು? ಕೃಷ್ಣೆಯ ನೀರು ಹೋಯಿತು, ದೇವಸೂಗೂರಿನ ಮಾಳಿಗೆಗಳ ಮೇಲೆ ಹಾರುಬೂದಿ ಕೂತಿತು. ಐಐಟಿ ಕೇಳಿದರೆ ಧಾರವಾಡಕ್ಕೆ ಹೋಯಿತು, ಏಮ್ಸ್‌ಗಾಗಿ ಕೂತವರು ವರ್ಷಗಟ್ಟಲೆ ಧರಣಿಯಲ್ಲೇ ಕೂತರು. ಗಂಧಕದ ಹೊಗೆ ತಡೆಯುವ ಯಂತ್ರ ಹಾಕಿ ಎಂದು 2015ರ ಡಿಸೆಂಬರ್‌ನಲ್ಲಿ ಆದೇಶ ಬಂತು. ಗಡುವು ಮುಂದಕ್ಕೆ ಹಾಕಿ, ಹಾಕಿ, 2025ರ ಜುಲೈನಲ್ಲಿ ದೇಶದ ಬಹುಪಾಲು ಘಟಕಗಳಿಗೆ ವಿನಾಯಿತಿಯನ್ನೇ ಕೊಟ್ಟರು. ಕಡ್ಡಾಯ ಯಾರಿಗೆ? ದೆಹಲಿ ಆಸುಪಾಸಿನವಕ್ಕೆ, ಇಲ್ಲವೇ ಹತ್ತು ಲಕ್ಷ ಜನರಿರುವ ನಗರದಿಂದ ಹತ್ತು ಕಿಲೋಮೀಟರ್ ಒಳಗಿರುವವಕ್ಕೆ. ಶ್ವಾಸಕೋಶಕ್ಕೂ ಜನಗಣತಿಯ ಅರ್ಹತೆ ಬೇಕು, ನೋಡಿ.

ಗುಜರಿಗೆ ಹಾಕುವುದಾದರೆ ಹಾಕಿ, ಬೂದಿ ಬೇಕೆಂದು ಇಲ್ಲಿ ಯಾರೂ ಹರಕೆ ಹೊತ್ತಿಲ್ಲ. ಕತ್ತಲಾದ ಮೇಲಿನ 1,720 ಮೆಗಾವಾಟ್ ಎಲ್ಲಿಂದ ತರುತ್ತೀರೆಂದು ಮೊದಲು ಬರೆದುಕೊಡಿ. ಶರಾವತಿಯ ಪಂಪ್ಡ್ ಸ್ಟೋರೇಜ್ ಅನ್ನಬೇಡಿ, ಅದರ ವಿರುದ್ಧ ಬೋರ್ಡ್ ಹಿಡಿದು ನಿಂತವರಲ್ಲೂ ನೀವೇ ಇದ್ದೀರಿ.