ಅರ್ಥ ಒಂದೇ, ಬಳಕೆ ಬೇರೆ

ಮಕ್ಕಳೇ, ನೀರು, ಜಲ, ಉದಕ - ಈ ಮೂರು ಪದಗಳ ಅರ್ಥ ಒಂದೇ. ಆದರೂ ಬಾಯಾರಿದಾಗ ನೀವು "ಅಮ್ಮಾ, ಉದಕ ಕೊಡು" ಎನ್ನುವುದಿಲ್ಲ. ಹಾಗೆಂದರೆ ಅಮ್ಮನಿಗೆ ಅರ್ಥವಾಗಲು ಕ್ಷಣಕಾಲ ತಡವಾದೀತು. ಜೀವಕೋಶದೊಳಗೂ ಇಂಥದೇ ಕಥೆಯಿದೆ.

ಜೀವಕೋಶವು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿ ಪ್ರೋಟೀನ್ ತಯಾರಿಸುತ್ತದೆ. ಯಾವ ಮಣಿಯ ನಂತರ ಯಾವುದು ಎಂಬ ಸೂಚನೆ ವಂಶವಾಹಿಯಲ್ಲಿರುತ್ತದೆ. ಈ ಬರಹಕ್ಕೆ ಅಕ್ಷರಗಳು ನಾಲ್ಕೇ. ಮೂರು ಅಕ್ಷರ ಸೇರಿದರೆ ಒಂದು ಪದ; ಅದೇ ಕೋಡಾನ್. ಒಟ್ಟು 64 ಕೋಡಾನ್‌ಗಳಲ್ಲಿ 3 'ಇಲ್ಲಿಗೆ ನಿಲ್ಲಿಸು' ಎನ್ನುತ್ತವೆ. ಉಳಿದ 61 ಕೋಡಾನ್‌ಗಳಿಗೆ ಅಮೈನೋ ಆಮ್ಲಗಳು 20 ಮಾತ್ರ. ಲ್ಯೂಸಿನ್ ಎಂಬ ಒಂದಕ್ಕೇ 6 ಕೋಡಾನ್!

ಒಂದು ಕೋಡಾನ್ ಇದ್ದಲ್ಲಿ ಅದೇ ಅರ್ಥದ ಇನ್ನೊಂದು ಬಂದರೆ ಮಣಿಗಳ ಸಾಲು ಬದಲಾಗದು. ಆದ್ದರಿಂದ ಇದನ್ನು 'ಮೌನ ಬದಲಾವಣೆ' ಎನ್ನುವ ರೂಢಿಯಿದೆ. ಎಂ.ಎಸ್ಸಿ. ಓದುವಾಗ ನಾನೂ 'ಇದರಿಂದ ಯಾವ ಪರಿಣಾಮವೂ ಇಲ್ಲ' ಎಂದು ಬರೆದು ಅಂಕ ಪಡೆದಿದ್ದೆ. ಆ ಉತ್ತರ ಸರಿಯಲ್ಲ ಎಂಬುದು ನನ್ನ ಈಗಿನ ಅಭಿಪ್ರಾಯ.

ಏಕೆ ಗೊತ್ತೇ? ನಮ್ಮ ಕರುಳಿನಲ್ಲಿರುವ ಇ. ಕೋಲೈ ಎಂಬ ಏಕಕೋಶ ಜೀವಿಯನ್ನೇ ನೋಡಿ. ಮಣಿಗಳನ್ನು ಹೊತ್ತು ತರುವ ಅಣುಗಳು ಅದರಲ್ಲಿವೆ. ಕೆಲವು ಬಗೆಯವು ಹೇರಳ, ಕೆಲವು ವಿರಳ. ಹೇರಳವಾದ ಅಣುಗಳು ಗುರುತಿಸುವ ಕೋಡಾನ್‌ಗಳೇ ಹೆಚ್ಚು ಬಳಕೆಯಲ್ಲಿವೆ ಎಂದು ಜಪಾನಿನ ವಿಜ್ಞಾನಿ ತೊಶಿಮಿಚಿ ಇಕೆಮುರ 1981ರಲ್ಲಿ ತೋರಿಸಿದರು. ಲ್ಯೂಸಿನ್‌ಗೆ ಇ. ಕೋಲೈ ಹೆಚ್ಚಾಗಿ ಬಳಸುವುದು ಸಿ-ಯು-ಜಿ. ಸಿ-ಯು-ಎ ಬಳಸುವುದು ಅಪರೂಪ. ಯೀಸ್ಟ್‌ಗೆ ಯು-ಯು-ಜಿ ಅಚ್ಚುಮೆಚ್ಚು.

ಅನುಕೂಲ ಸನ್ನಿವೇಶದಲ್ಲಿ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಅಪರೂಪದ ಕೋಡಾನ್ ಬಂದಾಗಲೆಲ್ಲ ಮಣಿಗಾಗಿ ಕಾಯಬೇಕು. ತಡ ಅತ್ಯಲ್ಪವೇ. ಆದರೆ ಬೇಗ ಮುಗಿಸಿದ ಕೋಶಕ್ಕೆ ಸಂತಾನ ಹೆಚ್ಚು. ಲಕ್ಷಾಂತರ ಪೀಳಿಗೆಗಳಲ್ಲಿ ಈ ಸಣ್ಣ ಲಾಭವೇ ದೊಡ್ಡದಾಗುತ್ತದೆ. ಇದೇ ನೈಸರ್ಗಿಕ ಆಯ್ಕೆ. ಸದಾ ದುಡಿಯುವ ವಂಶವಾಹಿಗಳಲ್ಲಿ ಇದರ ಗುರುತು ಸ್ಪಷ್ಟ. ಅಪರೂಪಕ್ಕೆ ಬಳಕೆಯಾಗುವ ವಂಶವಾಹಿಗಳಲ್ಲಿ ಆಕಸ್ಮಿಕ ಬದಲಾವಣೆಗಳ ಪಾಲೇ ಹೆಚ್ಚು.

ಈ ಅರಿವು ಔಷಧ ತಯಾರಿಕೆಗೂ ಬೇಕು. ಮನುಷ್ಯನ ವಂಶವಾಹಿಯನ್ನು ಬ್ಯಾಕ್ಟೀರಿಯದೊಳಗಿಟ್ಟು ಪ್ರೋಟೀನ್ ಪಡೆಯುವಾಗ, ವಿಜ್ಞಾನಿಗಳು ಎಷ್ಟೋ ಸಲ ಅದನ್ನು ಬ್ಯಾಕ್ಟೀರಿಯಕ್ಕೆ ರೂಢಿಯಾದ ಕೋಡಾನ್‌ಗಳಲ್ಲಿ ಬರೆಯುತ್ತಾರೆ. ವ್ಯತ್ಯಾಸವೇ ಇಲ್ಲದಿದ್ದರೆ ಈ ಶ್ರಮವೇಕೆ?

ಆದ್ದರಿಂದ ಮಕ್ಕಳೇ, ಯಾರಾದರೂ 'ಎರಡೂ ಒಂದೇ' ಎಂದರೆ 'ಯಾವ ವಿಷಯದಲ್ಲಿ ಒಂದೇ?' ಎಂದು ಕೇಳಿ. ತರಗತಿಯಲ್ಲೂ ಕೇಳಿ. ನಾನು ವಿದ್ಯಾರ್ಥಿಯಾಗಿದ್ದಾಗ ಕೇಳಲಿಲ್ಲ.