"ನನ್ನ ಫೋನ್‌ನ್ಯಾಗ ಅಂಥಾದ್ದೇನದ?" ಅನ್ನೂದು ಬಿಡ್ರಿ

ಫೋನಿಗೆ ಲಾಕ್ ಹಾಕ್ರಿ ಅಂತ ಯಾರಿಗೆ ಹೇಳಿದ್ರೂ ನಮ್ಮ ಹೆಣ್ಮಕ್ಕಳ ಬಾಯಾಗ ಬರೂ ಮಾತು ಒಂದ: "ನನ್ನ ಫೋನ್‌ನ್ಯಾಗ ಅಂಥಾದ್ದೇನದರೀ? ಮೊಮ್ಮಕ್ಕಳ ಫೋಟೋ, ನಾಕು ಭಜನಿ, ಮನಿ ಗ್ರೂಪು." ಈ ಮಾತು ಕೇಳಿದ್ರ ನನಗ ಸಿಟ್ಟು ಬರತದ. ತಿಜೋರಿಗೆ ಕೀಲಿ ಹಾಕಿ, ಕೀಲಿಕೈ ಸೊಂಟಕ್ಕ ಸಿಗಿಸಿಕೊಂಡು ಅಡ್ಡಾಡೂ ನಾವು, ಫೋನ್ ಮಾತ್ರ ಕದಾ ತಗದು ಬಿಟ್ಟಂಗ ಬಿಟ್ಟಿರತೀವಿ.

ಏನದ ಅಂತ ಕೇಳಿದ್ರಲ್ಲ, ಎಣಿಸ್ರಿ. ಆಧಾರ್ ಕಾರ್ಡಿನ ಫೋಟೋ. ರೇಷನ್ ಕಾರ್ಡು. ಪಾಸ್‌ಬುಕ್ಕಿನ ಮೊದಲನೇ ಹಾಳಿ. ಮಗ ಒಮ್ಮೆ ಕೇಳ್ಯಾನಂತ ವಾಟ್ಸಾಪಿಗೆ ಹಾಕಿದ ಎಟಿಎಂ ಕಾರ್ಡು, ಮುಂದೂ ಹಿಂದೂ. ಗೃಹಲಕ್ಷ್ಮಿ 2000 ರೂಪಾಯಿ ಬರೂ ಖಾತೆದ ಮೆಸೇಜ್ ಬರೂದೂ ಇದಕ್ಕ. ಈಗ ಲಾಕ್ ಇಲ್ಲದ ಫೋನ್ ತುಡುಗನ ಕೈಯಾಗ ಹೋತು ಅಂತ ತಿಳ್ಕೋರಿ. ರೊಕ್ಕ ಕಳಸೂ ಪಿನ್ ಅವಗ ಗೊತ್ತಿಲ್ಲ. "ಪಿನ್ ಮರತೇನಿ" ಅಂತ ಒತ್ತತಾನ. ಅದು ಕೇಳೂದು ಎಟಿಎಂ ಕಾರ್ಡಿನ ಕಡೀ 6 ಅಂಕಿ, ಕಾರ್ಡಿನ ಅವಧಿ ಮುಗಿಯೂ ತಿಂಗಳು-ವರ್ಷ, ಮ್ಯಾಲೊಂದು ಓಟಿಪಿ. ಕಾರ್ಡಿನ ಫೋಟೋ ಗ್ಯಾಲರಿಯೊಳಗ ಅದ. ಓಟಿಪಿ ಬರೂದೂ ಅದ ಫೋನಿಗೆ. ಕೆಲವು ಬ್ಯಾಂಕು ಎಟಿಎಂ ಪಿನ್ನೂ ಕೇಳತಾವ. ಅದನ್ನೂ "ಬ್ಯಾಂಕ್" ಅಂತ ಹೆಸರು ಹಾಕಿ ನಂಬರಿನ ಪಟ್ಟಿಯೊಳಗ ಬರದಿಟ್ಟ ಜಾಣೇರು ನಮ್ಮ ಓಣ್ಯಾಗ ಇದ್ದಾರ.

ಎರಡನೇ ಮಾತು ಗಂಡಸರದು: "ಮುಚ್ಚಿಡೂದು ಏನದ ಅಂತ ಲಾಕ್ ಹಾಕ್ತಿ?" ಅವರ ಫೋನಿಗೆ ಬೆರಳು ಇಟ್ಟ ತಗೀಬೇಕು, ಅದಕ್ಕ ಯಾರೂ ಏನೂ ಕೇಳೂದಿಲ್ಲ. ಹೆಂಗಸು ಹಾಕಿದ್ರ ಮಾತ್ರ ಮಾರಿ ದಪ್ಪ ಆಗತದ. ಲಾಕ್ ಮನಿ ಮಂದಿ ಸಲುವಾಗಿ ಅಲ್ಲರೀ. ಸಂತ್ಯಾಗ, ಬಸ್ಸಿನ್ಯಾಗ, ಜಾತ್ರ್ಯಾಗ ಚೀಲಕ್ಕ ಕೈ ಹಾಕೂವನ ಸಲುವಾಗಿ. ಇನ್ನ ಅಕ್ಕತಂಗೇರು ತಮ್ಮ ಸುಖ-ದುಃಖ ಮಾತಾಡಿಕೊಂಡಿದ್ದು ಅದರಾಗ ಇದ್ರೂ, ಅದೇನು ಊರೆಲ್ಲಾ ಓದೂ ಪೇಪರ್ ಅಲ್ಲ.

ಮೂರನೇ ಮಾತು ನಮ್ಮ ವಯಸ್ಸಾದ ಅತ್ತೇರದು: "ನಾ ಎಲ್ಲರೆ ಬಿದ್ರ, ಲಾಕ್ ಇದ್ದ ಫೋನ್ ಯಾರು ತಗೀತಾರ?" ಈ ಪ್ರಶ್ನಿಗೆ ಬೆಲೆ ಅದ. ಅದಕ್ಕೂ ದಾರಿ ಅದ. ಲಾಕ್ ಇದ್ದಾಗೂ "ಎಮರ್ಜೆನ್ಸಿ" ಅಂತ ಒಂದು ಗುಂಡಿ ಕಾಣತದ. ಸೆಟ್ಟಿಂಗಿನ್ಯಾಗ ಮಗಳ ನಂಬರು, ರಕ್ತದ ಗುಂಪು ಒಮ್ಮೆ ಹಾಕಿಟ್ರ ಲಾಕ್ ತಗೀದನ ಅವರಿಗೆ ಫೋನ್ ಹಚ್ಚಬಹುದು. 112ಕ್ಕೂ ಹೋಗತದ.

ಲಾಕ್ ಹಾಕಿದೆ, ಮುಗೀತು ಅನಬ್ಯಾಡ್ರಿ. 1234, ಹುಟ್ಟಿದ ವರ್ಷ, ಗಾಡಿ ನಂಬರು ಇವು ಲಾಕೇ ಅಲ್ಲ. ತುಡುಗ ಸಿಮ್ ತಗದು ಬ್ಯಾರೆ ಫೋನಿಗೆ ಹಾಕಿದ್ರ ಓಟಿಪಿ ಅಲ್ಲಿಗೆ ಹೋಗತದ. ಅದಕ್ಕ ಸಿಮ್ಮಿಗೂ ಒಂದು ಪಿನ್ ಇರತದ, ಹಾಕ್ರಿ. ಮೂರು ಸಲ ತಪ್ಪು ಒತ್ತಿದ್ರ ಸಿಮ್ ಬಂದ್ ಆಗತದ, ಆವಾಗ ಕಂಪನಿಯಿಂದ ಪಿಯುಕೆ ಅನ್ನೂ ನಂಬರು ತರಸಬೇಕು. ತಿಳದವರನ್ನ ಬಾಜೂಕ ಕೂಡಿಸಿಕೊಂಡು ಮಾಡ್ರಿ. ವಾಟ್ಸಾಪಿನ್ಯಾಗ 6 ಅಂಕಿಯ ಎರಡನೇ ಪಿನ್ ಹಾಕ್ರಿ. ಇಲ್ಲಂದ್ರ ನಿಮ್ಮ ಹೆಸರಿನ್ಯಾಗ ಬೀಗರ ಕಡೆಯೆಲ್ಲಾ ರೊಕ್ಕ ಕೇಳತಾನ. ಲಾಕ್ ಇದ್ದಾಗ ಮೆಸೇಜ್ ಮ್ಯಾಲೆ ಕಾಣದಂಗನೂ ಮಾಡ್ರಿ.

ಈಗ ನನ್ನ ಖರೇ ಜಗಳ. ಫೋನ್ ನಮ್ಮದು, ಸಿಮ್ ಯಜಮಾನರ ಹೆಸರಿಲೆ. ಜಿಮೇಲ್ ಮಾಡಿಕೊಟ್ಟಾವ ಬೆಂಗಳೂರಾಗಿನ ಮಗ, ಅದರ ಪಾಸ್‌ವರ್ಡ್ ಅವಗೂ ನೆನಪಿಲ್ಲ. ಕಳದ ದಿವಸ ಹೊಸ ಸಿಮ್ ಬೇಕಂದ್ರ "ಹೆಸರಿದ್ದವರನ್ನ ಕರಕೊಂಡು ಬರ್ರಿ" ಅಂತಾರ. ಬ್ಯಾರೆ ಫೋನಿಂದ ನಮ್ಮ ಫೋನ್ ಹುಡುಕಬಹುದು, ಒಳಗಿಂದೆಲ್ಲಾ ಅಳಿಸಬಹುದು. ಆದ್ರ ಅದಕ್ಕ ಜಿಮೇಲ್ ಪಾಸ್‌ವರ್ಡ್ ಬೇಕು. ಇದು ಪ್ರೀತಿ ಅಲ್ಲ, ನಮ್ಮ ಮನಿ ಕೀಲಿಕೈ ಮಂದಿ ಕೈಯಾಗ ಇಟ್ಟಂಗ. ಸಿಮ್ ನಿಮ್ಮ ಹೆಸರಿಗೆ ಮಾಡಸ್ರಿ. ಪಾಸ್‌ವರ್ಡ್ ಒಂದು ನೋಟ್‌ಬುಕ್ಕಿನ್ಯಾಗ ಬರದು ತಿಜೋರ್ಯಾಗ ಇಡ್ರಿ. *#06# ಒತ್ತಿದ್ರ 15 ಅಂಕಿಯ ಐಎಂಇಐ ನಂಬರು ಬರತದ. ಅದನ್ನೂ ಅದರಾಗ ಬರೀರಿ. ಫೋನಿನ ನಂಬರು ಫೋನಿನ್ಯಾಗ ಇಟ್ಟುಕೊಂಡು ಏನು ಮಾಡ್ತೀರಿ?

ತುಡುಗ ಆತು ಅಂದ್ರ ಅಳಕೋತ ಕೂಡಬ್ಯಾಡ್ರಿ. ಬಾಜೂಮನಿಯವರ ಫೋನ್ ಇಸಗೊಂಡು ಸಿಮ್ ಬಂದ್ ಮಾಡಸ್ರಿ, ಬ್ಯಾಂಕಿಗೆ ಹೇಳ್ರಿ. ರೊಕ್ಕ ಹೋಗಿದ್ರ 1930ಕ್ಕ ಹಚ್ಚರಿ. ರಿಸರ್ವ್ ಬ್ಯಾಂಕು 2017ರ ಜುಲೈದಾಗ ನಿಯಮ ಮಾಡೇದ: ಬ್ಯಾಂಕಿಗೆ ತಿಳಿಸಿದ ಮ್ಯಾಲೆ ಆಗೂ ಲುಕ್ಸಾನು ಬ್ಯಾಂಕಿನದು. ಅದಕ್ಕ ಮನ್ಯಾಗ ಬೈತಾರಂತ ಹೆದರಿ ಸಂಜೀತನಕ ಸುಮ್ಮ ಕೂತ್ರ ರೊಕ್ಕ ನಮ್ಮದ ಹೋಗತದ. ಆಮೇಲೆ ಪೊಲೀಸರ ಹತ್ರ ದೂರು ಕೊಟ್ಟು, ಆ ಪ್ರತಿ ಮತ್ತ ಐಎಂಇಐ ಹಾಕಿ ಸರಕಾರದ ಸಂಚಾರ ಸಾಥಿ ಒಳಗ ಫೋನೇ ಬಂದ್ ಮಾಡಸಬಹುದು. ಯಾವ ಸಿಮ್ ಹಾಕಿದ್ರೂ ಅದು ನಮ್ಮ ದೇಶದಾಗ ನಡೆಯೂದಿಲ್ಲ.

ಮುಂದಿನ ಭಿಶಿಗೆ ಬರೂವಾಗ ಎಲ್ಲಾರೂ ನೋಟ್‌ಬುಕ್ ತಗೊಂಡು ಬರ್ರಿ. ಚಾ ಆಮೇಲೆ, ಮೊದಲು ನಂಬರು ಬರಿಯೂಣು. ಬರೀದಾಕಿಗೆ ಅವತ್ತು ಚೂಡಾ ಇಲ್ಲ.