ಗ್ಲಾಸ್ಗೋದಿಂದ ಕಾಣುವ ಜಗತ್ತು

ಸ್ಕಾಟ್ಲೆಂಡಿಗೆ ತನ್ನದೇ ಸಂಸತ್ತು ಬಂದು ಕಾಲು ಶತಮಾನ ದಾಟಿತು. 1997ರ ಜನಮತಗಣನೆಯಲ್ಲಿ ಜನ ಒಪ್ಪಿದರು, ಮರುವರ್ಷ ಕಾನೂನಾಯಿತು, 1999ರಲ್ಲಿ ಎಡಿನ್‌ಬರೋದಲ್ಲಿ ಸದನ ಸೇರಿತು. ಆಸ್ಪತ್ರೆ, ಶಾಲೆ, ಪೊಲೀಸು, ನ್ಯಾಯಾಲಯ ಎಲ್ಲವೂ ಅದರ ಕೈಗೆ ಬಂದವು. ರೇಡಿಯೊ, ಟಿ.ವಿ. ಪ್ರಸಾರದ ಅಧಿಕಾರ ಮಾತ್ರ ಲಂಡನ್ನಿನಲ್ಲೇ ಉಳಿಯಿತು. ಅಂದು ಎದ್ದ ಒಂದು ಪ್ರಶ್ನೆ ಇಂದಿಗೂ ಅಲ್ಲಿ ಇತ್ಯರ್ಥವಾಗಿಲ್ಲ: ಸಂಜೆ ಆರರ ಟಿ.ವಿ. ವಾರ್ತೆ ಎಲ್ಲಿ ತಯಾರಾಗಬೇಕು? 'ಸ್ಕಾಟಿಷ್ ಸಿಕ್ಸ್' ಎಂದರೆ ಅಲ್ಲಿನವರಿಗೆ ಈ ವಾದವೇ ನೆನಪಾಗುತ್ತದೆ.

ಈಗಿರುವ ಏರ್ಪಾಡು ಹೀಗೆ. ಆರು ಗಂಟೆಗೆ ಬಿಬಿಸಿ ಒನ್‌ನಲ್ಲಿ ಲಂಡನ್ನಿನಿಂದ ಇಡೀ ಬ್ರಿಟನ್ನಿಗೆ ಒಂದೇ ವಾರ್ತೆ. ಆರೂವರೆಗೆ ಗ್ಲಾಸ್ಗೋದ ಕ್ಲೈಡ್ ನದಿಯ ದಡದಲ್ಲಿರುವ ಪೆಸಿಫಿಕ್ ಕೀ ಕಟ್ಟಡದಿಂದ 'ರಿಪೋರ್ಟಿಂಗ್ ಸ್ಕಾಟ್ಲೆಂಡ್'. ಯುದ್ಧ, ವಿದೇಶ, ಹಣಕಾಸು ಮೊದಲಿನದರ ಪಾಲು. ಊರಿನ ಸುದ್ದಿ ಎರಡನೆಯದರ ಪಾಲು. 'ಸ್ಕಾಟಿಷ್ ಸಿಕ್ಸ್' ಬೇಕೆನ್ನುವವರು ಕೇಳುತ್ತಿರುವುದು ಊರಿನ ಸುದ್ದಿಗೆ ಇನ್ನಷ್ಟು ನಿಮಿಷವನ್ನಲ್ಲ. ಗಾಜಾ, ವಾಷಿಂಗ್ಟನ್, ವೆಸ್ಟ್‌ಮಿನ್‌ಸ್ಟರ್, ಅಬರ್ಡೀನ್ ಇವೆಲ್ಲ ಒಂದೇ ವಾರ್ತೆಯಲ್ಲಿ ಬರಲಿ, ಯಾವುದು ಮೊದಲು ಯಾವುದು ನಂತರ ಎಂಬುದನ್ನು ಗ್ಲಾಸ್ಗೋದ ಸಂಪಾದಕರು ತೀರ್ಮಾನಿಸಲಿ ಎಂಬುದು ಅವರ ಬೇಡಿಕೆ. ಅದು ನ್ಯಾಯವಾದ ಬೇಡಿಕೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಾರಣ ತೀರಾ ನಿತ್ಯದ್ದು. 2012ರಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಶುಲ್ಕ ವರ್ಷಕ್ಕೆ 9,000 ಪೌಂಡಿನವರೆಗೆ ಏರಿತು. ಸ್ಕಾಟ್ಲೆಂಡಿನ ಮಕ್ಕಳು ತಮ್ಮ ನಾಡಿನಲ್ಲೇ ಪದವಿ ಓದಿದರೆ ಅವರಿಗೆ ಬೋಧನಾ ಶುಲ್ಕವಿಲ್ಲ. ವೈದ್ಯರು ಬರೆದುಕೊಟ್ಟ ಔಷಧಿಗೆ ಇಂಗ್ಲೆಂಡಿನಲ್ಲಿ ಶುಲ್ಕವಿದೆ, ಸ್ಕಾಟ್ಲೆಂಡಿನಲ್ಲಿ 2011ರಿಂದ ಇಲ್ಲ. ಹೀಗಿದ್ದೂ ಸ್ಕಾಟ್ಲೆಂಡಿನ ಡಂಡೀಯ ಮನೆಯೊಂದರಲ್ಲಿ ಆರು ಗಂಟೆಗೆ ಟಿ.ವಿ. ಹಾಕಿದವರ ಮುಂದೆ ಬರುವುದು ಬಹುಪಾಲು ಇಂಗ್ಲೆಂಡಿನ ಶಾಲೆ, ಇಂಗ್ಲೆಂಡಿನ ಆಸ್ಪತ್ರೆಗಳ ಸುದ್ದಿ. ಇದು ಬರೀ ದೂರು ಎಂದು ತಳ್ಳಿಹಾಕುವಂತಿಲ್ಲ. ಬಿಬಿಸಿಯ ಮೇಲ್ವಿಚಾರಣಾ ಮಂಡಳಿಯೇ ಪ್ರೊಫೆಸರ್ ಆಂಟನಿ ಕಿಂಗ್ ಅವರಿಂದ ವರದಿ ಬರೆಸಿತು. 2008ರಲ್ಲಿ ಹೊರಬಂದ ಆ ವರದಿಗಾಗಿ ಸಂಶೋಧಕರು ಆರೋಗ್ಯ ಮತ್ತು ಶಿಕ್ಷಣದ 136 ಸುದ್ದಿಗಳನ್ನು ಪರಿಶೀಲಿಸಿದ್ದರು. ಆ 136 ಸುದ್ದಿಗಳೂ ಇಂಗ್ಲೆಂಡಿಗೆ ಸಂಬಂಧಿಸಿದವೇ ಆಗಿದ್ದವು.

ಇಂಥ ಗೊಂದಲ ಜೀವಕ್ಕೇ ಎರವಾಗಬಹುದೆಂದು ತೋರಿಸಿದ್ದು ಕೊರೋನಾ. 2020ರ ಮೇ 10ರ ಭಾನುವಾರ ಸಂಜೆ ಪ್ರಧಾನಿ ಬೋರಿಸ್ ಜಾನ್ಸನ್ ಟಿ.ವಿ.ಯಲ್ಲಿ ಮಾತಾಡಿದರು. ಬುಧವಾರದಿಂದ ಪಾರ್ಕಿನಲ್ಲಿ ಬಿಸಿಲಿಗೆ ಕೂರಬಹುದು, ಕಾರು ಹತ್ತಿ ಬೇರೆ ಊರಿಗೂ ಹೋಗಬಹುದು ಎಂದರು. ಬ್ರಿಟನ್ನಿನ ಮೂಲೆಮೂಲೆಯಲ್ಲೂ ಜನ ಅದನ್ನು ಕೇಳಿದರು. ಆದರೆ ಆ ಸಡಿಲಿಕೆ ಇಂಗ್ಲೆಂಡಿಗೆ ಮಾತ್ರ ಅನ್ವಯಿಸುತ್ತಿತ್ತು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ಸರ್ಕಾರಗಳು ಮನೆಯಲ್ಲೇ ಇರಿ ಎನ್ನುತ್ತಲೇ ಇದ್ದವು. ಯಾವ ನಿಯಮ ತನಗೆ, ಯಾವುದು ಪಕ್ಕದವರಿಗೆ ಎಂದು ನೋಡುಗನೇ ಬಿಡಿಸಿಕೊಳ್ಳಬೇಕಾದರೆ ವಾರ್ತೆ ಇದ್ದೂ ಏನು ಬಂತು?

'ಸ್ಕಾಟಿಷ್ ಸಿಕ್ಸ್' ಅನ್ನು ವಿರೋಧಿಸುವವರ ಮೊದಲ ಭಯ, ಇದರಿಂದ ಬ್ರಿಟನ್ನಿನ ಒಕ್ಕೂಟವೇ ಒಡೆಯುತ್ತದೆ ಎಂಬುದು. 1998ರಲ್ಲಿ ಬಿಬಿಸಿಯ ಮಹಾನಿರ್ದೇಶಕರಾಗಿದ್ದ ಜಾನ್ ಬರ್ಟ್ ಇದೇ ಭಯದಿಂದ, ಅದನ್ನು ತಡೆಯಲು ಪ್ರಧಾನಿ ಟೋನಿ ಬ್ಲೇರ್ ಅವರ ಬೆಂಬಲ ಕೋರಿದರು. ಅದನ್ನು ಮುಂದೆ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಪ್ರಸ್ತಾವ ಬಿದ್ದುಹೋಯಿತು. ಆದರೆ ರೇಡಿಯೊದಲ್ಲಿ ಈ ಕೆಲಸ ಅದಕ್ಕೂ ಎಷ್ಟೋ ಮೊದಲೇ ಶುರುವಾಗಿತ್ತು. 1973ರಲ್ಲಿ ಆರಂಭವಾದ 'ಗುಡ್ ಮಾರ್ನಿಂಗ್ ಸ್ಕಾಟ್ಲೆಂಡ್' ನಾಡಿನ, ಬ್ರಿಟನ್ನಿನ, ಜಗತ್ತಿನ ಸುದ್ದಿಯನ್ನು ಒಟ್ಟಿಗೇ ಕೊಡುತ್ತ ಬಂತು. ಅದಕ್ಕಾಗಿ ಬೇರೆ ವಿದೇಶಿ ವರದಿಗಾರರ ಪಡೆಯೇನೂ ಬೇಕಾಗಲಿಲ್ಲ, ಬಿಬಿಸಿಯ ವರದಿಗಾರರೇ ಸಾಕಾದರು. ಒಕ್ಕೂಟವೂ ಒಡೆಯಲಿಲ್ಲ. ಬೆಳಿಗ್ಗೆ ಕಿವಿಗೆ ಸರಿಯಾದದ್ದು ಸಂಜೆ ಕಣ್ಣಿಗೆ ಅಪಾಯವಾಗುವುದು ಹೇಗೆ?

ಎರಡನೆಯ ಆಕ್ಷೇಪ, ಜನ ನೋಡುವುದಿಲ್ಲ ಎಂಬುದು. ಇದಕ್ಕೆ 'ದ ನೈನ್' ವಾರ್ತೆಯನ್ನು ಸಾಕ್ಷಿ ತರುತ್ತಾರೆ. 2019ರ ಫೆಬ್ರವರಿಯಲ್ಲಿ ಬಿಬಿಸಿ ಸ್ಕಾಟ್ಲೆಂಡ್ ಎಂಬ ಹೊಸ ಚಾನೆಲ್ ಬಂತು, ಅದರಲ್ಲಿ ರಾತ್ರಿ ಒಂಬತ್ತಕ್ಕೆ ಒಂದು ಗಂಟೆಯ ಈ ವಾರ್ತೆ. ಸಮರ್ಥ ಪತ್ರಕರ್ತರಿದ್ದರೂ ನೋಡುಗರು ಕಡಿಮೆಯಾದರು, 2024ರ ಕೊನೆಗೆ ಅದು ನಿಂತಿತು. ಈಗ ಅದೇ ಚಾನೆಲ್‌ನಲ್ಲಿ ಏಳಕ್ಕೆ ಅರ್ಧ ಗಂಟೆಯ ವಾರ್ತೆ ಇದೆ. ಆದರೆ ಬಿಬಿಸಿ ಒನ್‌ನ ಆರು ಗಂಟೆಯನ್ನು ಕೊಡಿ ಎಂದವರಿಗೆ ಸಿಕ್ಕಿದ್ದು ಯಾರಿಗೂ ರೂಢಿಯಿಲ್ಲದ ಚಾನೆಲ್ಲು, ಎಲ್ಲರೂ ಧಾರಾವಾಹಿ ನೋಡುವ ಹೊತ್ತು. ಇಂಥ ಸೋಲನ್ನು ಮುಂದಿಟ್ಟು ಮೂಲ ಬೇಡಿಕೆಯನ್ನೇ ತಳ್ಳಿಹಾಕುವುದು ಸರಿಯಲ್ಲ.

ಮೂರನೆಯದು ನಿಜಕ್ಕೂ ತೂಕದ ಆಕ್ಷೇಪ: ಲಂಡನ್ನಿನ ನೆರಳಿನಿಂದ ಹೊರಬಂದ ವಾರ್ತೆ ಎಡಿನ್‌ಬರೋ ಸರ್ಕಾರದ ನೆರಳಿಗೆ ಸರಿದರೆ? ಸ್ಪೇನಿನ ಕ್ಯಾಟಲೋನಿಯಾದಲ್ಲಿ 1983ರಲ್ಲಿ ಶುರುವಾದ ಟಿವಿ3 ಬಾರ್ಸಿಲೋನಾದ ಕಣ್ಣಿನಿಂದ ಇಡೀ ಜಗತ್ತನ್ನು ಕ್ಯಾಟಲಾನ್ ಭಾಷೆಯಲ್ಲಿ ತೋರಿಸುತ್ತದೆ. ಅಲ್ಲಿನ ಪ್ರಾಂತ ಸರ್ಕಾರಕ್ಕೆ ಅದು ಹತ್ತಿರ ಎಂಬ ಆರೋಪವನ್ನೂ ಎದುರಿಸುತ್ತ ಬಂದಿದೆ. ಆದ್ದರಿಂದ ಸ್ಕಾಟ್ಲೆಂಡಿನ ವಾರ್ತೆ ಅಲ್ಲಿನ ಜನರದ್ದಾಗಬೇಕು, ಅಲ್ಲಿನ ಮಂತ್ರಿಗಳದ್ದಲ್ಲ. ಅದರ ಹಣ, ನೇಮಕ, ಸಂಪಾದಕೀಯ ತೀರ್ಮಾನ ಮೂರೂ ಸರ್ಕಾರದ ಕೈಗೆ ಸಿಗದಂತೆ ಮೊದಲೇ ಬೇಲಿ ಹಾಕಬೇಕು. ತನ್ನ ಆಸ್ಪತ್ರೆಗಳ ಬಗ್ಗೆ ಕಠಿಣ ಪ್ರಶ್ನೆ ಕೇಳುವ ವಾರ್ತೆ ಎದುರಿಗಿದ್ದಾಗಲೇ ಸ್ಕಾಟ್ಲೆಂಡಿನ ಸಂಸತ್ತಿಗೂ ಜವಾಬ್ದಾರಿ ಬರುವುದು.

ಉಳಿದ ಅಧಿಕಾರ ಹಂಚಿಕೊಟ್ಟು ಪ್ರಸಾರವನ್ನು ಮಾತ್ರ ಕೇಂದ್ರದಲ್ಲೇ ಉಳಿಸಿಕೊಳ್ಳುವ ಏರ್ಪಾಡು ಕನ್ನಡಿಗರಿಗೆ ಅಪರಿಚಿತವಲ್ಲ. ನಮ್ಮ ಸಂವಿಧಾನದಲ್ಲೂ ಆರೋಗ್ಯ, ಪೊಲೀಸು ರಾಜ್ಯಪಟ್ಟಿಯಲ್ಲಿವೆ, ಪ್ರಸಾರ ಕೇಂದ್ರಪಟ್ಟಿಯಲ್ಲಿದೆ. ದೇಶದ ವಾರ್ತೆ ದೆಹಲಿಯಿಂದ, ಪ್ರದೇಶ ಸಮಾಚಾರ ಬೆಂಗಳೂರು, ಧಾರವಾಡದಿಂದ ಎಂಬ ಹಂಚಿಕೆಯಲ್ಲೇ ಆಕಾಶವಾಣಿಯ ಕೇಳುಗರು ಬಹುಕಾಲ ಕಳೆದರು. ಕನ್ನಡ ದಿನಪತ್ರಿಕೆಗಳು ಮಾತ್ರ ಈ ಗೆರೆಯನ್ನು ಒಪ್ಪಲಿಲ್ಲ. ಕಾವೇರಿ ಮೊದಲೋ ಕಾಬೂಲ್ ಮೊದಲೋ ಎಂದು ಪ್ರತಿ ರಾತ್ರಿ ತೀರ್ಮಾನಿಸುವ ಹಕ್ಕನ್ನು ಅವು ತಮ್ಮ ಬಳಿಯೇ ಇಟ್ಟುಕೊಂಡವು. ಕನ್ನಡದ ಓದುಗ ತನ್ನ ಊರಲ್ಲೇ ನಿಂತು ಜಗತ್ತನ್ನು ನೋಡಲು ಕಲಿತದ್ದು ಈ ಹಕ್ಕಿನಿಂದ. ಬ್ರಿಟನ್ನಿನ ಕನ್ನಡಿಗರಲ್ಲಿ ಸ್ಕಾಟ್ಲೆಂಡಿನಲ್ಲಿ ನೆಲೆಸಿದವರಿಗೂ ಆ ನಾಡಿನ ಆಸ್ಪತ್ರೆ, ಶಾಲೆಗಳೇ ತಮ್ಮವು. ಈ ಪ್ರಶ್ನೆ ಅವರದೂ ಹೌದು.

ಬಿಬಿಸಿಯ ಈಗಿನ ಸನ್ನದು 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಹೊಸ ಸನ್ನದು ಬರೆಯುವವರು ಬಿಬಿಸಿ ಒನ್‌ನ ಸಂಜೆ ಆರು ಗಂಟೆಯನ್ನು ಗ್ಲಾಸ್ಗೋಗೆ ಒಪ್ಪಿಸಬೇಕು, ಬೇರೂರಲು ಸಾಕಷ್ಟು ವರ್ಷಗಳ ಅವಕಾಶವನ್ನೂ ಕೊಡಬೇಕು. ತಮ್ಮ ಕಾನೂನನ್ನು ತಾವೇ ಮಾಡಿಕೊಳ್ಳಬಲ್ಲ ಜನರನ್ನು, ತಮ್ಮ ದಿನದ ಮುಖ್ಯ ಸುದ್ದಿ ಯಾವುದೆಂದು ತೀರ್ಮಾನಿಸಲು ಮಾತ್ರ ಇನ್ನೂ ಅರ್ಹರಲ್ಲ ಎಂದು ಕಾಯಿಸುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವ ಮಾತಲ್ಲ.